ಮನೆಗೆ ಬಂದ ಮೇಲಿನ ಗಾಯ

ಎರಡು ವರ್ಷಗಳ ಹಿಂದೆ ಅಮ್ಮನಿಗೆ ಕರುಳು ತೂತಾಗಿ ರಾತ್ರೋರಾತ್ರಿ ಹೊಟ್ಟೆಯ ಆಪರೇಷನ್ ಮಾಡಬೇಕಾಯಿತು. ಎಂಟನೆಯ ದಿನ ಮನೆಗೆ ಕಳುಹಿಸುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಗಾಯ ಚೆನ್ನಾಗಿದೆಯೆಂದು ಬರೆದಿದ್ದರು, ಅಂದಿಗೆ ಅದು ನಿಜವೂ ಆಗಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಸೀರೆಯ ನೆರಿಗೆ ಸಿಕ್ಕಿಸುವಲ್ಲಿ ಅಂಗೈಯಗಲ ಒದ್ದೆಯಾಗಿತ್ತು. ಹೊಕ್ಕುಳ ಕೆಳಗಿನ ಹೊಲಿಗೆಗಳ ಸಂದಿಯಿಂದ ಕೀವು ಒಸರುತ್ತಿತ್ತು. ಆಸ್ಪತ್ರೆ ದೂರವಿದ್ದುದರಿಂದ ಊರಿನ ಡಾಕ್ಟರೇ ಮೂರು ಹೊಲಿಗೆ ಬಿಚ್ಚಿ, ತೊಳೆದು, ಗಾಜ್ ತುಂಬಿ ಕಳುಹಿಸಿದರು. ಮುಂದೆ ಆರು ವಾರ ದಿನವೂ ಡ್ರೆಸಿಂಗ್ ನಡೆಯಿತು. ಅಮ್ಮ ಚೇತರಿಸಿಕೊಂಡರು. ಆದರೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಈ ಕೀವಿನ ಸಂಗತಿ ಇಂದಿಗೂ ಗೊತ್ತಿಲ್ಲ, ಏಕೆಂದರೆ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಶಸ್ತ್ರವೈದ್ಯರ ಮೇಲೆ ನನಗೆ ದೂರಿಲ್ಲ, ಅವರು ಅಮ್ಮನ ಜೀವ ಉಳಿಸಿದ್ದಾರೆ. ಕರುಳಿನೊಳಗಿನದ್ದು ಹೊಟ್ಟೆಯಲ್ಲೆಲ್ಲ ಹರಡಿದ ಮೇಲೆ ಸೋಂಕಿನ ಅಪಾಯ ಇದ್ದೇ ಇರುತ್ತದೆ. ನನ್ನನ್ನು ಕಾಡುವುದು ಲೆಕ್ಕದ ವಿಚಾರ. ಗಾಯದ ಸೋಂಕನ್ನು ಆಪರೇಷನ್ ಆದ 30 ದಿನಗಳವರೆಗೆ ಗಮನಿಸಬೇಕೆಂಬುದು ಸಂಶೋಧಕರು ಒಪ್ಪಿಕೊಂಡಿರುವ ಕ್ರಮ. 66 ದೇಶಗಳ 343 ಆಸ್ಪತ್ರೆಗಳಲ್ಲಿ ಜೀರ್ಣಾಂಗದ ಶಸ್ತ್ರಚಿಕಿತ್ಸೆಗೆ ಒಳಗಾದ 12,539 ರೋಗಿಗಳನ್ನು ಹೀಗೆ ಗಮನಿಸಿ 2018ರಲ್ಲಿ ಪ್ರಕಟಿಸಿದ ‘ಗ್ಲೋಬಲ್‌ಸರ್ಜ್’ ಅಧ್ಯಯನದ ಪ್ರಕಾರ, ಮಾನವ ಅಭಿವೃದ್ಧಿಯಲ್ಲಿ ಮುಂದಿರುವ ದೇಶಗಳಲ್ಲಿ ಶೇ. 9.4ರಷ್ಟು ಮಂದಿಗೆ ಗಾಯದ ಸೋಂಕು ತಗುಲಿದ್ದರೆ, ನಡುವಿನ ದೇಶಗಳಲ್ಲಿ ಅದು ಶೇ. 14, ಕೆಳಗಿನ ದೇಶಗಳಲ್ಲಿ ಶೇ. 23.2.

ಇಂತಹ ಎಣಿಕೆಯಿಂದ ಏನು ಸಿಗುತ್ತದೆ ಎಂಬುದಕ್ಕೆ ‘ಚೀತಾ’ ಎಂಬ ಪ್ರಯೋಗವೇ ಸಾಕ್ಷಿ. ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ, 13,301 ರೋಗಿಗಳ ಮೇಲೆ ನಡೆದು 2022ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಯೋಗದ ಪ್ರಶ್ನೆ ಅತ್ಯಂತ ಸರಳವಾಗಿತ್ತು: ಹೊಟ್ಟೆ ಹೊಲಿಯುವ ಮುನ್ನ ತಂಡದವರು ಗ್ಲೌಸ್ ಮತ್ತು ಉಪಕರಣಗಳನ್ನು ಬದಲಿಸಿದರೆ ಸೋಂಕು ಕಡಿಮೆಯಾಗುತ್ತದೆಯೇ? ಕರುಳನ್ನು ಮುಟ್ಟಿದ ಗ್ಲೌಸಿನಲ್ಲಿ, ಫೋರ್ಸೆಪ್ಸಿನಲ್ಲಿ ಕರುಳಿನ ಬ್ಯಾಕ್ಟೀರಿಯಾ ಅಂಟಿರುತ್ತದೆ. ಅದೇ ಕೈ ಸೂಜಿ ಹಿಡಿದು ರಕ್ತಸಂಚಾರ ಕಡಿಮೆಯಿರುವ ಚರ್ಮದಡಿಯ ಕೊಬ್ಬಿನ ಪದರವನ್ನು ಮುಟ್ಟಿದಾಗ ಕ್ರಿಮಿಗಳಿಗೆ ನೆಲೆ ಸಿಗುತ್ತದೆ. ಎಂದಿನಂತೆ ಹೊಲಿದವರ ಗುಂಪಿನಲ್ಲಿ ಗ್ಲೌಸ್, ಉಪಕರಣ ಬದಲಾಗಿದ್ದು ಶೇ. 0.8ರಷ್ಟು ಆಪರೇಷನ್‌ಗಳಲ್ಲಿ ಮಾತ್ರ. ಆ ಗುಂಪಿನಲ್ಲಿ ಸೋಂಕು ಶೇ. 18.9 ಇದ್ದರೆ, ಬದಲಿಸಿದ ಗುಂಪಿನಲ್ಲಿ ಶೇ. 16. ಅಂದರೆ ನೂರು ಮಂದಿಯಲ್ಲಿ ಸುಮಾರು ಮೂವರು ಅಮ್ಮ ಅನುಭವಿಸಿದ್ದನ್ನು ಅನುಭವಿಸಬೇಕಾಗಿಲ್ಲ. ಆರು ವಾರ ಆ ಗಾಯದ ಮುಂದೆ ಕುಳಿತ ನನಗೆ ಇದು ಸಣ್ಣ ಸಂಖ್ಯೆಯಾಗಿ ಕಾಣುವುದಿಲ್ಲ.

ದುಬಾರಿಯದೆಲ್ಲ ಒಳ್ಳೆಯದೆಂಬ ನಂಬಿಕೆಯನ್ನೂ ಇದೇ ಎಣಿಕೆ ಪರೀಕ್ಷಿಸಿದೆ. 2021ರ ‘ಫಾಲ್ಕನ್’ ಪ್ರಯೋಗದಲ್ಲಿ ಟ್ರೈಕ್ಲೋಸಾನ್ ಎಂಬ ಕ್ರಿಮಿನಾಶಕ ಲೇಪಿಸಿದ ಹೊಲಿಗೆ ದಾರವನ್ನು ಸಾಮಾನ್ಯ ದಾರದೊಂದಿಗೂ, ಆಪರೇಷನ್‌ಗೆ ಮುನ್ನ ಚರ್ಮ ಶುದ್ಧಿಗೊಳಿಸಲು ಬಳಸುವ ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಅದೇ ಕೆಲಸದ ಪೊವಿಡೋನ್ ಅಯೋಡಿನ್ನಿನೊಂದಿಗೂ ಹೋಲಿಸಿ ನೋಡಿದರು. ಎರಡರಲ್ಲೂ ಹೆಚ್ಚಿನ ಲಾಭ ಕಾಣಲಿಲ್ಲ.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಖಾಸಗಿ ಆಸ್ಪತ್ರೆಗಳಲ್ಲೂ ಹೊಟ್ಟೆ ಮುಚ್ಚಲೆಂದೇ ಒಂದು ಪ್ರತ್ಯೇಕ ಉಪಕರಣದ ಟ್ರೇ, ಹೊಸ ಗ್ಲೌಸ್ ಇರಬೇಕು ಎಂದು ನಾನು ಒತ್ತಾಯಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಮೂವತ್ತನೆಯ ದಿನ ಪ್ರತಿ ರೋಗಿಗೂ ಆಸ್ಪತ್ರೆಯಿಂದ ಒಂದು ಫೋನ್ ಕರೆ ಹೋಗಬೇಕು: ಗಾಯ ಕೆಂಪಾಗಿತ್ತೇ, ಕೀವು ಬಂತೇ, ಬೇರೆ ಯಾರಾದರೂ ಹೊಲಿಗೆ ಬಿಚ್ಚಿದರೇ, ಜ್ವರ ಬಂತೇ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಅದೇ ಕಡತದಲ್ಲಿ ಬರೆದಿಡಬೇಕು. ಐದು ನಿಮಿಷದ ಕೆಲಸ. ಅಂಥ ಕರೆ ಬಂದಿದ್ದರೆ ಅಮ್ಮನೇ ಫೋನ್ ಹಿಡಿದು ಎಲ್ಲವನ್ನೂ ವಿವರವಾಗಿ ಹೇಳುತ್ತಿದ್ದರು.