ಗ್ರಿಮ್ಸ್‌ಬಿ ತುಂಬಾ ದೂರವಂತೆ!

ಕೊಡಗಿಗೆ ರೈಲಿಲ್ಲ. ವಿಮಾನ ನಿಲ್ದಾಣವೂ ಇಲ್ಲ. ರೈಲು ಹತ್ತಬೇಕು ಅಂದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ವಿಮಾನಕ್ಕಾದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಸೇರಬೇಕು. ಮಳೆಗಾಲವಾದರೆ ಆ ರಸ್ತೆ ಇವತ್ತು ಇದ್ದ ಜಾಗದಲ್ಲೇ ಇದೆಯಾ ಅಂತ ಮೊದಲು ಯಾರಿಗಾದರೂ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಇಂಥ ಜಿಲ್ಲೆಯಲ್ಲಿ ಕೂತ ನಮ್ಮ ಹುಡುಗರಿಗೆ 2025ರ ಆಗಸ್ಟಿನಲ್ಲಿ ಎದುರಾದ ಮಹಾ ಸಂಕಟ ಏನಪ್ಪಾ ಅಂದರೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಗ್ರಿಮ್ಸ್‌ಬಿ ದೂರ ಆಗುತ್ತದೆ ಅನ್ನುವುದು.

ಆಗಿದ್ದಿಷ್ಟು. ಹಿಂದಿನ ಸೀಸನ್‌ನಲ್ಲಿ ನಮ್ಮ ಹುಡುಗರ ಪ್ರಾಣವಾದ ಫುಟ್ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್, ಅಲ್ಲಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಲ್ಲಿ 15ನೇ ಸ್ಥಾನಕ್ಕೆ ಇಳಿಯಿತು. ಯುರೋಪಾ ಲೀಗ್ ಫೈನಲ್ ಆದರೂ ಗೆದ್ದು ಮಾನ ಉಳಿಸಿಕೊಳ್ಳುತ್ತದೆ ಅಂದುಕೊಂಡರೆ, ಬಿಲ್ಬಾವೊದಲ್ಲಿ ಅದನ್ನೂ ಟಾಟನ್‌ಹ್ಯಾಮ್‌ಗೆ 1–0ರಲ್ಲಿ ಬಿಟ್ಟುಕೊಟ್ಟಿತು. ಯುರೋಪಿನ ಟೂರ್ನಿಗಳಲ್ಲಿ ಆಡುವ ಇಂಗ್ಲಿಷ್ ತಂಡಗಳು, ಸೋತವರು ಹೊರಗೆ ಹೋಗುವ ಲೀಗ್ ಕಪ್‌ಗೆ ಮೂರನೇ ಸುತ್ತಿನಲ್ಲಿ ಬಂದರೆ ಸಾಕು. ಉಳಿದ ಪ್ರೀಮಿಯರ್ ಲೀಗ್ ತಂಡಗಳು ಎರಡನೇ ಸುತ್ತಿಗೇ ಬಂದು ಸಾಲಿನಲ್ಲಿ ನಿಲ್ಲಬೇಕು. ಯುರೋಪಿಗೆ ಜಾಗ ಸಿಗದ ಯುನೈಟೆಡ್ ನಿಂತಿತು. ಯಾರಿಗೆ ಯಾರು ಎದುರಾಳಿ ಅಂತ ಡ್ರಾ ತೆಗೆದರು. ಗ್ರಿಮ್ಸ್‌ಬಿ ಟೌನ್ ಬಿತ್ತು, ಅದೂ ಗ್ರಿಮ್ಸ್‌ಬಿಯ ಮೈದಾನದಲ್ಲಿ. ನಾಲ್ಕನೇ ದರ್ಜೆಯ ತಂಡ.

ಮಡಿಕೇರಿಯಲ್ಲಿ ಸೂತಕ ಹಿಡಿಯಿತು. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ ಹುಡುಗ ಅವತ್ತು ಯಾರಿಗೂ ಸ್ಕ್ರೀನ್ ಗಾರ್ಡ್ ಅಂಟಿಸಿಕೊಡಲಿಲ್ಲ. ಕೈ ನಡುಗುತ್ತದಂತೆ, ಒಳಗೆ ಗಾಳಿ ಗುಳ್ಳೆ ಉಳಿಯುತ್ತದಂತೆ. ಸಂಜೆ ಟೀ ಅಂಗಡಿಗೆ ಬಂದವನು ಟೀಗೂ ಕಾಯದೆ ಶುರು ಮಾಡಿದ.

“ನಮಗೆ ಯಾವಾಗಲೂ ಹೀಗೇ ಅಂಕಲ್. ಒಂದು ಸಲ ಆದ್ರೂ ಮನೆಯಲ್ಲಿ, ನಮ್ಮ ಗ್ರೌಂಡಲ್ಲಿ, ಕೊಡಬಾರದಾ? ಅಷ್ಟು ದೂರ, ವಾರದ ಮಧ್ಯೆ, ರಾತ್ರಿ ಮ್ಯಾಚು. ಮುಗಿಸಿ ವಾಪಸ್ ಬರೋದು ಹೇಗೆ?”

ಅಂಕಲ್ ಅಂದರೆ ನಿವೃತ್ತ ಸುಬೇದಾರರು. ಲೇಹ್‌ನಿಂದ ನಾಗಾಲ್ಯಾಂಡ್‌ವರೆಗೆ ಸರ್ಕಾರಿ ಖರ್ಚಿನಲ್ಲಿ ತಿರುಗಿ ಬಂದವರು. ಅವರು ಲೋಟ ಕೆಳಗಿಟ್ಟು ನಿಧಾನಕ್ಕೆ ಕೇಳಿದರು. “ನೀನು ಹೋಗ್ತಾ ಇದ್ದೀಯಾ ಮಾರಾಯ?”

ಹುಡುಗ ಹೋಗುತ್ತಿರಲಿಲ್ಲ. ಪಾಸ್‌ಪೋರ್ಟೇ ಇಲ್ಲ. ಆದರೆ ಅವನ ಮುಖದಲ್ಲಿದ್ದ ದಣಿವು ಮಾತ್ರ ಅಪ್ಪಟ. ನೋಡಿದವರಿಗೆ ಅರ್ಧ ದಾರಿಯಲ್ಲಿ ಬಸ್ ಕೆಟ್ಟು ನಿಂತಿದೆಯೇನೋ ಅನ್ನಿಸಬೇಕು.

ಇನ್ನು ದೂರದ ಲೆಕ್ಕ. ಮ್ಯಾಂಚೆಸ್ಟರಿನಿಂದ ಗ್ರಿಮ್ಸ್‌ಬಿಗೆ 200 ಕಿ.ಮೀ. ಕೂಡ ಇಲ್ಲ. ಮಡಿಕೇರಿಯಿಂದ ಬೆಂಗಳೂರು ಅದಕ್ಕಿಂತ ದೂರ. ಅಷ್ಟು ದೂರ ನಮ್ಮವರು ಒಂದು ಮದುವೆ ಊಟಕ್ಕೆ ಹೋಗಿ, ಮಾರನೇ ದಿನ ಬೆಳಿಗ್ಗೆ ತೋಟದಲ್ಲಿ ಆಳು ಲೆಕ್ಕ ಹಾಕುತ್ತಿರುತ್ತಾರೆ. ಅದೂ ಅಲ್ಲದೆ, ತಂಡಗಳು ಸುಮ್ನೆ ದೂರ ದೂರ ಓಡಾಡಬಾರದು ಅಂತಲೇ ಆ ಕಪ್‌ನ ಮೊದಲ ಸುತ್ತುಗಳಲ್ಲಿ ಇಂಗ್ಲೆಂಡನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿ ಡ್ರಾ ತೆಗೆಯುತ್ತಾರೆ. ಯುನೈಟೆಡ್‌ಗೆ ಬಿದ್ದದ್ದು ನೆರೆಕೆರೆಯ ತಂಡವೇ. ಇದನ್ನೆಲ್ಲ ಹೇಳಿದರೆ ಹುಡುಗ, “ಅಲ್ಲಿನ ರಸ್ತೆ ನಿಮಗೆ ಗೊತ್ತಿಲ್ಲ” ಅಂದ. ಅವನಿಗೆ ಗೊತ್ತಿತ್ತು. ಆಗಲೇ ಮ್ಯಾಪ್‌ನಲ್ಲಿ ಎರಡು ಸಲ ಹೋಗಿ ಬಂದಿದ್ದ.

ಅಷ್ಟರಲ್ಲಿ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಂದರು. ಅವರದ್ದೂ ಯುನೈಟೆಡ್ಡೇ, ಆದರೆ ವಾದ ಬೇರೆ. ಡ್ರಾನೇ ಮೋಸ. ಡ್ರಾದಲ್ಲಿ ಚೀಟಿಯ ಬದಲು ಎತ್ತುವ ಚೆಂಡುಗಳಲ್ಲಿ ಕೆಲವನ್ನು ಮೊದಲೇ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ, ಎತ್ತುವವನ ಕೈಗೆ ತಣ್ಣಗೆ ತಾಗಿದ್ದನ್ನು ಎತ್ತುತ್ತಾನೆ ಅಂತ. ಈ ಫ್ರಿಜ್ ಕಥೆ ಇವರ ಸ್ವಂತದ್ದಲ್ಲ, ಫುಟ್ಬಾಲ್ ಲೋಕದಲ್ಲಿ ಎಷ್ಟೋ ವರ್ಷದಿಂದ ತಿರುಗುತ್ತಿದೆ. ರೈಟರಿಗೆ ಅದರ ಮೇಲೆ ಇಷ್ಟು ನಂಬಿಕೆ ಯಾಕೆ ಅಂತ ನಮಗೆಲ್ಲ ಗೊತ್ತು. ಊರ ಹಬ್ಬದ ಲಕ್ಕಿ ಡಿಪ್‌ನಲ್ಲಿ ಚೀಟಿ ಎತ್ತುವುದು ಅವರೇ. ಮೊದಲ ಬಹುಮಾನದ ಮಿಕ್ಸಿ ಅವರ ಭಾವನ ಮನೆ ಬಿಟ್ಟು ಬೇರೆ ಮನೆ ಕಂಡದ್ದು ಯಾರಿಗೂ ನೆನಪಿಲ್ಲ.

ಹೋಮ್‌ಸ್ಟೇ ಇಟ್ಟವರೊಬ್ಬರಿದ್ದಾರೆ, ಅವರದ್ದು ಯುನೈಟೆಡ್ಡಿನ ಎದುರಾಳಿ ತಂಡ ಆರ್ಸೆನಲ್. ಅವರು ಏನೂ ಮಾತಾಡಲಿಲ್ಲ. ಎಲ್ಲರಿಗೂ ಟೀ ಹೇಳಿದರು. ಅವರು ಟೀ ಹೇಳಿದ್ದೇ ಒಂದು ಸುದ್ದಿ.

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಹವಾಮಾನದ ದೂರು. ಗ್ರಿಮ್ಸ್‌ಬಿ ಸಮುದ್ರದ ಪಕ್ಕ, ಗಾಳಿ ಜಾಸ್ತಿ, ಮಳೆ ಹನಿದರೆ ಹುಲ್ಲು ಒದ್ದೆಯಾಗುತ್ತದೆ, ನಮ್ಮ ಆಟಗಾರರ ಕಾಲು ಜಾರುತ್ತದೆ ಅಂತ ಹುಡುಗ ಹೇಳುತ್ತಿದ್ದ. ಇದನ್ನು ಅವನು ಹೇಳಿದ್ದು ಆಗಸ್ಟಿನ ಮಡಿಕೇರಿಯಲ್ಲಿ. ತಲೆಯ ಮೇಲೆ ಶೀಟು, ಶೀಟಿನ ಮೇಲೆ ಮಳೆ, ಮಾತು ಕೇಳಿಸಲಿ ಅಂತ ಗಂಟಲು ಹರಿದುಕೊಂಡು ಹೇಳಿದ. ಜಿಲ್ಲಾಧಿಕಾರಿ ನಾಳೆ ಶಾಲೆಗೆ ರಜೆ ಕೊಡುತ್ತಾರಾ ಅಂತ ಅರ್ಧ ಊರು ಫೋನ್ ನೋಡುತ್ತಾ ಕೂತಿತ್ತು. ಹುಡುಗನ ಬಟ್ಟೆ ಬಿಸಿಲು ಕಂಡು ವಾರವಾಗಿತ್ತು, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದ ಬಟ್ಟೆಯ ಹೊಗೆ ವಾಸನೆ ಅಂಗಡಿಯೆಲ್ಲ ಹರಡಿತ್ತು. ಇದೇ ಹುಡುಗ ಆ ಮಳೆಗಾಲದಲ್ಲೇ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟಕ್ಕೆ ನಿಂತವನು. ಮೊಣಕಾಲವರೆಗೆ ಕೆಸರು. ಬಾಯಲ್ಲಿ, ಕಿವಿಯಲ್ಲಿ, ಇನ್ನೂ ಎಲ್ಲೆಲ್ಲೋ ಕೆಸರು. ಆಗ ಗ್ರೌಂಡು ಸರಿ ಇಲ್ಲ ಅಂತ ಅವನು ಒಂದು ಮಾತೂ ಆಡಿರಲಿಲ್ಲ. ವಾರಕ್ಕೆ ಲಕ್ಷಗಟ್ಟಲೆ ಪೌಂಡ್ ಎಣಿಸುವ ಆಟಗಾರನ ಬೂಟು ಒದ್ದೆಯಾಗುತ್ತದೆ ಅಂದಾಗ ಮಾತ್ರ ಅವನ ಕಣ್ಣು ತುಂಬಿತು.

ಇನ್ನೊಂದು ತಮಾಷೆ ಇದೆ. ಗ್ರಿಮ್ಸ್‌ಬಿ ಟೌನ್‌ನ ಮೈದಾನ ಬ್ಲಂಡೆಲ್ ಪಾರ್ಕ್ ಇರುವುದು ಗ್ರಿಮ್ಸ್‌ಬಿಯಲ್ಲೇ ಅಲ್ಲ, ಪಕ್ಕದ ಕ್ಲೀಥೋರ್ಪ್ಸ್‌ನಲ್ಲಿ. ಅಂದರೆ ಆ ತಂಡ ಪ್ರತಿ ಹೋಮ್ ಮ್ಯಾಚನ್ನೂ ಪಕ್ಕದೂರಿಗೆ ಹೋಗಿ ಆಡುತ್ತದೆ. ಅಲ್ಲಿನ ಜನ ಇದಕ್ಕೆ ಟೀ ಅಂಗಡಿಯಲ್ಲಿ ಕೂತು ಅಳುವುದಿಲ್ಲ. ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಬೀಸುತ್ತಾ ಹಾಡುತ್ತಾರೆ. ಮೀನುಗಾರರ ಊರು, ಹಾಗಾಗಿ ಮೀನು.

ದೂರ ಅಂದರೆ ಏನು ಅಂತ ನಮ್ಮವರನ್ನೇ ಕೇಳಬೇಕು. ಬೇಸಿಗೆಯಲ್ಲಿ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ಆಗುತ್ತದೆ. ಹೊರ ಜಿಲ್ಲೆಯಿಂದ, ಕೇರಳದಿಂದ ತಂಡಗಳು ಬಂದು ಬೆವರು ಸುರಿಸಿ ಆಡುತ್ತವೆ. ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಸುಮಾರು 15 ಕಿ.ಮೀ. ಬಾರೋ ಹೋಗೋಣ ಅಂತ ಇದೇ ಹುಡುಗನನ್ನು ಕರೆದರೆ, “ಅಯ್ಯೋ, ಅಷ್ಟು ದೂರ ಯಾರು ಹೋಗ್ತಾರೆ, ಬರುವಾಗ ಬಸ್ ಸಿಗಲ್ಲ” ಅಂದಿದ್ದ. ಅಂದಮೇಲೆ ಅವನಿಗೆ ಗ್ರಿಮ್ಸ್‌ಬಿ ದೂರ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ಹಾಕಿಯಲ್ಲಿ ನಮಗೆ ಈ ರೋಗ ಇಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳಿದ್ದವು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದಾಗ 396. ಎಲ್ಲರೂ ಒಂದೇ ಊರಿಗೆ ಬರಬೇಕು. ಬೆಂಗಳೂರಿನ ಇಂಜಿನಿಯರ್ ಬರುತ್ತಾನೆ, ಅವನ ಅಜ್ಜನೂ ಸ್ಟಿಕ್ ಹಿಡಿದು ಇಳಿಯುತ್ತಾರೆ. ಟೈಸ್, ಅಂದರೆ ಮ್ಯಾಚುಗಳ ಪಟ್ಟಿ, ಬಂದಾಗ ಜನ ಮೊದಲು ನೋಡುವುದು ಎದುರಾಳಿ ಯಾರು ಅಂತ ಅಲ್ಲ, ಮ್ಯಾಚು ಊಟಕ್ಕೆ ಮೊದಲೋ ಆಮೇಲೋ ಅಂತ. ಸುಬೇದಾರರು ಇದನ್ನು ಹೇಳಿದಾಗ ಹುಡುಗ, “ಅದು ಬೇರೆ ಅಂಕಲ್, ಅಲ್ಲಿ ಟೆನ್ಷನ್ ಇಲ್ಲ” ಅಂದ. ಹಾಕಿಯಲ್ಲಿ ದಾಯಾದಿಗಳ ಎದುರು ಸೋತು ಮನೆಗೆ ಹೋದವರು ಇದಕ್ಕೆ ಉತ್ತರ ಕೊಡಬೇಕು.

ಸತ್ಯ ಏನೆಂದರೆ ಭಯ ದೂರದ್ದಲ್ಲ, ಗಾಳಿಯದ್ದೂ ಅಲ್ಲ. ಸೋತರೆ ಏನು ಗತಿ ಅನ್ನುವುದು. ಚಿಕ್ಕ ತಂಡದ ಎದುರು ಗೆದ್ದರೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಸೋತರೆ ಮುಂದಿನ ಹತ್ತು ವರ್ಷ ಆರ್ಸೆನಲ್‌ನವರು ಟೀ ಹೇಳುತ್ತಾರೆ. ಯುನೈಟೆಡ್‌ಗೆ ಹಳೆಯ ಗಾಯಗಳೂ ಇವೆ. 2014ರ ಆಗಸ್ಟಿನಲ್ಲಿ ಇದೇ ಕಪ್‌ನ ಇದೇ ಎರಡನೇ ಸುತ್ತಿನಲ್ಲಿ ಎಂ.ಕೆ. ಡಾನ್ಸ್ ಅನ್ನುವ ಚಿಕ್ಕ ತಂಡದ ಮೈದಾನಕ್ಕೆ ಹೋಗಿ 4–0ರಲ್ಲಿ ಪೆಟ್ಟು ತಿಂದು ಬಂದಿತ್ತು. ಹಾಗಂತ ಮನೆಯಲ್ಲಿ ಆಡಿದ್ದರೆ ಬಚಾವು ಅನ್ನುವ ಹಾಗೂ ಇಲ್ಲ. 1995ರಲ್ಲಿ ಯಾರ್ಕ್ ಸಿಟಿ ಅನ್ನುವ ಪುಟ್ಟ ತಂಡ ಯುನೈಟೆಡ್ಡಿನ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ಗೇ ಬಂದು 3–0ರಲ್ಲಿ ಹೊಡೆದು ಹೋಗಿತ್ತು. ಹುಡುಗ ಆಗ ಹುಟ್ಟಿರಲಿಲ್ಲ. ಹಾಗಾಗಿ ಆ ಸೋಲು ಲೆಕ್ಕಕ್ಕಿಲ್ಲ. ಅವನು ಹುಟ್ಟುವ ಮೊದಲು ಗೆದ್ದ ಕಪ್‌ಗಳು ಮಾತ್ರ ಅವನದ್ದೇ, ಬೆರಳು ಮಡಚಿ ಎಣಿಸುತ್ತಾನೆ.

ಮ್ಯಾಚು ಬಿದ್ದದ್ದು ಆಗಸ್ಟ್ 27ಕ್ಕೆ. ಗಣೇಶ ಚತುರ್ಥಿ. ಹುಡುಗ ಬೆಳಿಗ್ಗೆಯೇ ಕೋಟೆ ಗಣಪತಿಗೆ ಈಡುಗಾಯಿ ಒಡೆದು ಬಂದ. ವಿಘ್ನ ನಿವಾರಣೆಗೆ ಒಳ್ಳೆಯ ದಿನವೇ. ಆದರೆ ನಮ್ಮ ಗಡಿಯಾರದಲ್ಲಿ ಮ್ಯಾಚು ಶುರುವಾಗುವುದು ರಾತ್ರಿ 12:30ಕ್ಕೆ. ಅಷ್ಟು ಹೊತ್ತಿಗೆ ತಾರೀಕು ಬದಲಾಗಿ ಹಬ್ಬ ಮುಗಿದಿತ್ತು. ಗಣಪ ಕಡುಬು ತಿಂದು ಮಲಗಿದ್ದನೋ ಏನೋ. 22ನೇ ನಿಮಿಷಕ್ಕೆ ಗ್ರಿಮ್ಸ್‌ಬಿಯ ಒಂದು ಗೋಲು, 30ಕ್ಕೆ ಇನ್ನೊಂದು. ಎರಡನೆಯದನ್ನು ಹೊಡೆದವನು ಯುನೈಟೆಡ್‌ನ ಅಕಾಡೆಮಿಯಲ್ಲೇ ಬೆಳೆದ ಟೈರೆಲ್ ವಾರನ್.

ಆಗ ಸರಿಯಾಗಿ ಕರೆಂಟ್ ಹೋಯಿತು. ಗಾಳಿಗೆ ಎಲ್ಲೋ ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿರಬೇಕು. ಕ್ಲೀಥೋರ್ಪ್ಸ್‌ನ ಗಾಳಿಗೆ ಹೆದರಿದವನನ್ನು ಊರಿನ ಗಾಳಿಯೇ ಕಾಪಾಡಿತು ಅಂದುಕೊಂಡೆ. ಆದರೆ ಹುಡುಗ ಬಿಡಲಿಲ್ಲ. ರೈಟರ್ ಮನೆ ಮಹಡಿಯ ಮೂಲೆಯಲ್ಲಿ ನಿಂತು, ಫೋನನ್ನು ಎತ್ತಿ ಹಿಡಿದು, ಸಿಗ್ನಲ್ ಹಿಡಿದ. ಯುನೈಟೆಡ್ಡಿನ ಮಗುಯರ್ 89ನೇ ನಿಮಿಷದಲ್ಲಿ 2–2 ಸಮ ಮಾಡಿದಾಗ ಹುಡುಗ ಕೂಗಿದ ಕೂಗಿಗೆ ಕೆಳಗಿನ ಕೆಲಸಗಾರರ ಲೈನಿನ ನಾಯಿಗಳೆಲ್ಲ ಎದ್ದವು. ಆನೆ ಬಂತು ಅಂತ ಯಾರೋ ಪಟಾಕಿಯನ್ನೂ ಹಚ್ಚಿದರು. ನಮ್ಮಲ್ಲಿ ರಾತ್ರಿ ಕೂಗು ಕೇಳಿದರೆ ಅದೇ ಅಲ್ವಾ ಮೊದಲು ನೆನಪಾಗುವುದು.

ಆಮೇಲೆ ಪೆನಾಲ್ಟಿ. ಒಂದು ಕಡೆಗೆ 13, ಒಟ್ಟು 26 ಒದೆತ. ಯುನೈಟೆಡ್ ಕೋಚ್‌ಗೇ ನೋಡಲಾಗದೆ ಡಗೌಟಿನೊಳಗೆ ಕೂತುಬಿಟ್ಟಿದ್ದರು. ಕೊನೆಗೆ ಯುನೈಟೆಡ್ಡಿನ ಎಂಬ್ಯೂಮೊ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿಯಿತು. 12–11ರಲ್ಲಿ ಗ್ರಿಮ್ಸ್‌ಬಿ ಗೆದ್ದಿತು. ಪ್ಲಾಸ್ಟಿಕ್ ಮೀನುಗಳು ಮೈದಾನಕ್ಕೆ ಇಳಿದವು.

ಮಾರನೇ ದಿನ ಟೀ ಅಂಗಡಿಯಲ್ಲಿ ಆರ್ಸೆನಲ್‌ನವರು ಟೀ ಜೊತೆ ಬೋಂಡಾನೂ ಹೇಳಿದ್ದರು.

ಹುಡುಗ ಎರಡು ದಿನ ಕಾಣಲಿಲ್ಲ. ಆಮೇಲೆ ಬಂದ, ಹೊಸ ಹುರುಪಿನಲ್ಲಿ. ಗ್ರಿಮ್ಸ್‌ಬಿಯವರು ಒಬ್ಬ ಆಟಗಾರನ ನೋಂದಣಿ ಅರ್ಜಿಯನ್ನು ಗಡುವು ಮುಗಿದು ಒಂದು ನಿಮಿಷ ಕಳೆದ ಮೇಲೆ ಕಳಿಸಿದ್ದರಂತೆ. ಇದು ನಿಜ. ಅದಕ್ಕೆ ಲೀಗ್‌ನವರು 20,000 ಪೌಂಡ್ ದಂಡವನ್ನೂ ಹಾಕಿದರು. ಫಲಿತಾಂಶ ಮಾತ್ರ ಬದಲಾಗಲಿಲ್ಲ. “ರೂಲ್ ಅಂದ್ರೆ ರೂಲ್, ಒಂದು ನಿಮಿಷ ಆದ್ರೂ ತಡ ತಡವೇ, ಮ್ಯಾಚ್ ರದ್ದು ಮಾಡ್ಬೇಕಿತ್ತು” ಅಂತ ಹುಡುಗ ಮೇಜು ಕುಟ್ಟಿದ. ಆಗ ಬೆಳಿಗ್ಗೆ ಹನ್ನೊಂದೂವರೆ. ಅವನ ಅಂಗಡಿಯ ಬೋರ್ಡಿನಲ್ಲಿ ತೆರೆಯುವ ಸಮಯ ಒಂಬತ್ತು ಅಂತ ಇದೆ. ಅಂದಹಾಗೆ, ತಡವಾಗಿ ನೋಂದಣಿಯಾದ ಆ ಆಟಗಾರ ಒದ್ದ ಪೆನಾಲ್ಟಿಯನ್ನು ಯುನೈಟೆಡ್‌ನ ಕೀಪರ್ ತಡೆದಿದ್ದರು. ಅವನಿಂದ ಯುನೈಟೆಡ್‌ಗೆ ಆದದ್ದು ಉಪಕಾರವೇ. ಇದನ್ನು ಹೇಳಿದ್ದಕ್ಕೆ ನನ್ನ ಟೀ ದುಡ್ಡು ನಾನೇ ಕೊಡಬೇಕಾಯಿತು.

ಅಕ್ಟೋಬರಿನಲ್ಲಿ ಅದೇ ಬ್ಲಂಡೆಲ್ ಪಾರ್ಕ್‌ಗೆ ಬ್ರೆಂಟ್‌ಫರ್ಡ್ ಹೋಯಿತು. ಅದೇ ಸಮುದ್ರ, ಅದೇ ಹುಲ್ಲು, ಅದೇ ಮೀನು. 5–0ರಲ್ಲಿ ಗೆದ್ದು ಬಂತು. ಅವತ್ತು ಗಾಳಿ ಇರಲಿಲ್ಲವಂತೆ. ಹುಡುಗನೇ ಹೇಳಿದ.

ಹುತ್ತರಿ ಕಳೆದ ಮೇಲೆ, ಡಿಸೆಂಬರಿನಲ್ಲಿ, ಎಫ್‌.ಎ. ಕಪ್ ಅನ್ನುವ ಇನ್ನೊಂದು ಟೂರ್ನಿಯ ಡ್ರಾ ಬಂತು. ಈ ಸಲ ದೇವರು ಕಣ್ಣು ಬಿಟ್ಟಿದ್ದ. ಯುನೈಟೆಡ್‌ಗೆ ಬ್ರೈಟನ್, ಅದೂ ಓಲ್ಡ್ ಟ್ರಾಫರ್ಡ್‌ನಲ್ಲೇ. ಹುಡುಗ ಬೇಕರಿಯಿಂದ ಪೇಡಾ ತಂದು ಹಂಚಿದ. ಫ್ರಿಜ್ ವಿಷಯವನ್ನು ರೈಟರ್ ಎತ್ತಲಿಲ್ಲ. ಜನವರಿ 11ರ ರಾತ್ರಿ, ಕಾಫಿ ಕುಯ್ಲಿನ ನಡುವೆ, ಎಲ್ಲರೂ ಸೇರಿ ನೋಡಿದರು. ಕರೆಂಟ್ ಕೂಡ ಹೋಗಲಿಲ್ಲ. ಯುನೈಟೆಡ್ 2–1ರಲ್ಲಿ ಸೋತಿತು. ಬ್ರೈಟನ್‌ನ ಒಂದು ಗೋಲು ಹೊಡೆದದ್ದು ಡ್ಯಾನಿ ವೆಲ್‌ಬೆಕ್, ಅವನೂ ಯುನೈಟೆಡ್‌ನಲ್ಲೇ ಬೆಳೆದವನು.

ಮಾರನೇ ದಿನ ಹುಡುಗ ಶಾಂತವಾಗಿದ್ದ. “ಮನೆಯಲ್ಲಿ ಆಡಿದ್ರೆ ಪ್ರೆಶರ್ ಜಾಸ್ತಿ ಅಂಕಲ್. ಜನ ಎಲ್ಲ ನೋಡ್ತಾ ಇರ್ತಾರೆ. ಮುಂದಿನ ವರ್ಷ ಹೊರಗೇ ಬೀಳಲಿ.”

“ಎಲ್ಲಿ ಬೀಳಬೇಕು ಹೇಳು?” ಅಂದರು ಸುಬೇದಾರರು.

“ಎಲ್ಲಾದ್ರೂ ಸರಿ. ಸ್ವಲ್ಪ ಹತ್ತಿರ ಇದ್ರೆ ಸಾಕು.”