ಅರೆತಲೆನೋವಿಗೆ ಪೂರ್ತಿ ಸೌಂಡು

ಈ ಸಲವೂ ಗಣೇಶನ ಮೆರವಣಿಗೆಗೆ ಡಿಜೆ ನಿಷೇಧವಂತೆ. ಬಹಳ ಸಂತೋಷ. ಹೋದ ವರ್ಷದ ನಿಷೇಧಕ್ಕೇ ನಮ್ಮ ಮನೆಯ ಕಿಟಕಿ ಗಾಜು ಅದುರಿತ್ತು. ಈ ವರ್ಷದ ನಿಷೇಧಕ್ಕೆ ಲಾರಿ ಮೇಲೆ ಸ್ಪೀಕರು ಇನ್ನೊಂದು ಸಾಲು ಏರಿದೆ.

ಮೈಗ್ರೇನ್ ಇರುವವರಿಗೆ ಡಾಕ್ಟರು ಹೇಳುವುದು ಇಷ್ಟೇ: ನೋವು ಶುರುವಾಗುತ್ತಿದ್ದಂತೆ ಮಾತ್ರೆ ನುಂಗಿ, ಕತ್ತಲ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿ. ಮಾತ್ರೆ ಮೂಲೆಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕತ್ತಲೂ ನಿಶ್ಶಬ್ದವೂ ಬೆಂಗಳೂರಲ್ಲಿ ಸ್ಟಾಕ್ ಇಲ್ಲ. ಬೀದಿಯ ಎಲ್‌ಇಡಿ ದೀಪ ನೇರ ದಿಂಬಿನ ಮೇಲೇ ಬೀಳುತ್ತದೆ.

ಕಾನೂನಿಗೇನೂ ಬರವಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ ಮಿತಿ 40 ಡೆಸಿಬಲ್. ಹೆಚ್ಚುಕಮ್ಮಿ ಫ್ರಿಜ್ ಗುಂಯ್‌ಗುಟ್ಟುವಷ್ಟು. ಆ ವಲಯದ ಬೋರ್ಡು ಓದಲೆಂದು ಮುಂದಿನ ಗಾಡಿಯವನು ಅರೆಗಳಿಗೆ ನಿಂತರೆ ಹಿಂದಿನವನು ಹಾರ್ನ್ ಒತ್ತುತ್ತಾನೆ.

ಸಲಹೆಗೂ ಬರವಿಲ್ಲ. ಶುಂಠಿ ತೇಯ್ದು ಹಚ್ಚಿ. ಗಂಧ ಹಚ್ಚಿ. ತಲೆಗೆ ಎಣ್ಣೆ ಒತ್ತಿ. ಎಣ್ಣೆ ಒತ್ತಿದ್ದಕ್ಕೇ ಬಂದಿದ್ದು. ಬಿ12 ಚೆಕ್ ಮಾಡಿಸಿ, ಕನ್ನಡಕ ಬದಲಿಸಿ, ದೃಷ್ಟಿ ತೆಗೆಸಿ, ಮೊಬೈಲ್ ನೋಡಬೇಡಿ, ಈ ವಿಡಿಯೊ ಮಾತ್ರ ನೋಡಿ. ಇವರ ನಡುವೆ ಅರ್ಧ ಸರಿ ಹೇಳುವವರು ಕಾಫಿ ಪಾರ್ಟಿಯವರು. ಕೆಲವರಿಗೆ ಒಂದು ಲೋಟ ಕಾಫಿ ನೋವು ಇಳಿಸುವುದು ನಿಜ. ದಿನಾ ನಾಲ್ಕು ಲೋಟ ಇಳಿಸುವವರು ಒಂದು ದಿನ ಬಿಟ್ಟರೆ ನೋವು ಹತ್ತುವುದೂ ಅಷ್ಟೇ ನಿಜ. ಮೆಡಿಕಲ್ ಶಾಪಿನವರಂತೂ ಚೀಟಿ ಕೇಳದೆ ಸ್ಟ್ರಿಪ್ಪುಗಟ್ಟಲೆ ಕೊಡುವ ಉದಾರಿಗಳು. ತಿಂಗಳಿಗೆ 15 ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಬೆಂಗಳೂರು ನಗರ, ಗ್ರಾಮಾಂತರಗಳಲ್ಲಿ ಮನೆಮನೆಗೆ ಹೋಗಿ ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್. ಅಂದರೆ ಲಾರಿ ಮುಂದೆ ಕುಣಿಯುವವರಲ್ಲೂ ಒಂದಷ್ಟು ಜನ ನಾಳೆ ತಲೆ ಹಿಡಿದು ಕೂರುವವರೇ. ಹೆಂಗಸರಲ್ಲಿ ಇನ್ನೂ ಜಾಸ್ತಿ.

ತಮಾಷೆ ಸಾಕು. ವಾಂತಿ ಮಾಡಿ ಸುಸ್ತಾಗಿ, ಹಣೆಗೆ ಬಟ್ಟೆ ಬಿಗಿದು ಮಲಗಿದವಳನ್ನು 'ತಲೆನೋವಿಗೆಲ್ಲ ರಜೆ ಬೇಕೇನಮ್ಮಾ?' ಎನ್ನುವ ಮ್ಯಾನೇಜರು, 'ರಾತ್ರಿ ಅಡುಗೆ ಏನು?' ಎನ್ನುವ ಗಂಡ, 'ವರ್ಷಕ್ಕೊಂದು ಹಬ್ಬ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕಾ' ಎನ್ನುವ ಗಲ್ಲಿಯ ಲೀಡರು. ಇವರಿಗೆ ದೊಡ್ಡ ಶಾಪವೇನೂ ಹಾಕುವುದಿಲ್ಲ. ಒಂದೇ ಒಂದು ಸಲ ಬರಲಿ. ಅದೂ ಅರ್ಧ ತಲೆಗೆ ಸಾಕು.