ಉಗುಳಿ, ಭವಿಷ್ಯ ತಿಳಿಯಿರಿ

ಟ್ಯೂಬಿಗೆ ಉಗುಳಿ ಡಿಎನ್‌ಎ ಪರೀಕ್ಷೆ ಮಾಡುವ ಕಂಪನಿಗೆ ಪಾರ್ಸೆಲ್ ಮಾಡಿದರೆ ಸಾಕು. ಕೆಲವು ವಾರಗಳಲ್ಲಿ ನಿಮಗೆ ಮುಂದೆ ಬರಬಹುದಾದ ಕಾಯಿಲೆಗಳ ಪಟ್ಟಿ ಮೊಬೈಲಿಗೇ ಬರುತ್ತದೆ. ಹಿಂದಿನವರು ಕಾಯಿಲೆ ಬಂದ ಮೇಲೆ ಹೆದರುತ್ತಿದ್ದರು. ಅಲ್ಲಿಯವರೆಗೆ ಎಷ್ಟು ವರ್ಷ ದಂಡ, ಅಲ್ವಾ!

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅಪ್ಪ ಅಮ್ಮನಲ್ಲಿ ಇಲ್ಲದ 60–70 ಹೊಸ ಬದಲಾವಣೆಗಳು ಹುಟ್ಟುವ ಪ್ರತಿ ಮಗುವಿನಲ್ಲೂ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡದೆ ಸುಮ್ನೆ ಕೂತಿರುತ್ತವೆ. ಆದರೆ 'ಸುಮ್ನೆ ಕೂತಿವೆ' ಅಂತ ಬರೆದುಕೊಟ್ಟರೆ ದುಡ್ಡು ಯಾರು ಕೊಡುತ್ತಾರೆ?

ಅದಕ್ಕೇ 'ಅಪಾಯ ದುಪ್ಪಟ್ಟು' ಅಂತ ಕೆಂಪಕ್ಷರದಲ್ಲಿ ಬರುತ್ತದೆ. ಯಾವುದರ ದುಪ್ಪಟ್ಟು ಅಂತ ಕೇಳಬಾರದು. ಸಾವಿರದಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇಬ್ಬರಿಗೆ ಬಂದರೂ ಅದು ದುಪ್ಪಟ್ಟೇ. ಉಳಿದ 998 ಜನ ಆರಾಮಾಗಿರುತ್ತಾರೆ. ಅವರ ಬಗ್ಗೆ ಕೆಂಪಕ್ಷರ ಇರುವುದಿಲ್ಲ.

ನಿಜವಾಗಿ ಹೆದರಬೇಕಾದ ಕಡೆ ನಡೆಯುವುದು ಇನ್ನೂ ಚೆಂದ. ಬಿಆರ್‌ಸಿಎ1 ಜೀನಿನಲ್ಲಿ ಕೆಟ್ಟ ಬದಲಾವಣೆ ಇದ್ದರೆ, ನೂರು ಹೆಂಗಸರಲ್ಲಿ 60ಕ್ಕಿಂತ ಹೆಚ್ಚು ಜನರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಇದು ಆಟವಲ್ಲ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡಾಕ್ಟರ ಚೀಟಿಯಿಲ್ಲದೆ ಮನೆಯಲ್ಲೇ ಮಾಡಿಕೊಳ್ಳುವ ಇಂಥ ಪರೀಕ್ಷೆಗೆ 23ಆಂಡ್‌ಮಿ ಕಂಪನಿಗೆ ಒಪ್ಪಿಗೆ ಕೊಟ್ಟಿತು. ಅದು ನೋಡುತ್ತಿದ್ದದ್ದು ಬಿಆರ್‌ಸಿಎ ಜೀನುಗಳ 3 ಬದಲಾವಣೆಗಳನ್ನು, ಅವೂ ಮುಖ್ಯವಾಗಿ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಕಾಣುವಂಥವು. ಗೊತ್ತಿರುವ ಬದಲಾವಣೆಗಳು ಆಗಲೇ 1,000 ದಾಟಿದ್ದವು. ಅಡುಗೆಮನೆಯ ಮೂರು ಡಬ್ಬಿ ತೆಗೆದು ನೋಡಿ 'ಮನೆಯಲ್ಲಿ ಕಳ್ಳ ಇಲ್ಲ' ಅಂದ ಹಾಗಾಯಿತು. ಡಬ್ಬಿ ಮೂರೇ ಅಂತ ಬರೆದಿರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ 'ಕಂಡುಬಂದಿಲ್ಲ' ಅನ್ನುವುದನ್ನು ನೋಡಿದವನು ಅದರ ಕೆಳಗೆ ಓದುತ್ತಾನಾ?

ಆಸ್ಪತ್ರೆಯ ಪೂರ್ತಿ ಪರೀಕ್ಷೆಯಲ್ಲಿ ಇನ್ನೊಂದು ಉತ್ತರ ಬರುವುದುಂಟು: 'ಬದಲಾವಣೆ ಇದೆ, ಅದರ ಅರ್ಥ ಇನ್ನೂ ತಿಳಿದಿಲ್ಲ.' ವರದಿಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಸಾಲು ಇದೇ. ಇಂಥವುಗಳಲ್ಲಿ ಮುಂದೆ ಅರ್ಥ ತಿಳಿದಾಗ ಹೆಚ್ಚಿನವು ನಿರಪಾಯ ಅಂತಲೇ ಆಗುತ್ತವೆ. ಆದರೆ ರಾತ್ರಿಯಿಡೀ ಗೂಗಲ್ ಹುಡುಕಲು ಇದಕ್ಕಿಂತ ಒಳ್ಳೆ ಸಾಮಗ್ರಿ ಬೇರೆ ಸಿಗದು.

ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಕಥೆ ಬೇರೆ. ನೂರಾರು ಜೀನುಗಳು ಒಂದೊಂದು ಚಿಟಿಕೆ ಪಾಲು ಹಾಕುತ್ತವೆ. ಉಳಿದದ್ದನ್ನು ಊಟ, ನಿದ್ದೆ, ಸಿಗರೇಟು ನೋಡಿಕೊಳ್ಳುತ್ತವೆ. ಹಾಗಾಗಿ ಅಷ್ಟೆಲ್ಲ ಲೆಕ್ಕ ಹಾಕಿದ ವರದಿಯ ಕೊನೆಗೆ ಬರುವ ಸಲಹೆ: ತರಕಾರಿ ತಿನ್ನಿ, ನಡೆಯಿರಿ. ಅಪಾಯ ಕಡಿಮೆ ಇರುವವರಿಗೂ ಅದೇ ಸಲಹೆ.

ಎಲ್ಲರ ಮುಂದಿನ ದಿನಗಳನ್ನು ನೋಡಿದ 23ಆಂಡ್‌ಮಿ ಕಂಪನಿಗೆ ತನ್ನದು ಮಾತ್ರ ಕಾಣಲಿಲ್ಲ. 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳುವಾಯಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಿಮ್ಮ ಡೇಟಾ ಅಳಿಸಿ, ಕೊಟ್ಟ ಎಂಜಲನ್ನೂ ನಾಶ ಮಾಡಿಸಿ ಅಂತ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಜನರಿಗೆ ಹೇಳಬೇಕಾಯಿತು. ಭವಿಷ್ಯ ತಿಳಿಯಲು ದುಡ್ಡು ಕೊಡಬೇಕಿತ್ತು. ಅಳಿಸುವುದು ಫ್ರೀ.